ಪೈಪಿನ ಮೇಲಿದ್ದ ಹೆಸರು

"ಅದು ಬಾಂಬ್ ಅಲ್ಲ ಸಾರ್! ಮಂಗ ಓಡಿಸುವ ಪೈಪು... ನಾನೇ ಮಾಡಿ ಮಾರಿದ್ದು!"

ಗೇಟಿನಿಂದ ಏದುಸಿರು ಬಿಡುತ್ತಾ ಓಡಿಬಂದವನನ್ನು ಶಾಲೆಯ ಮೈದಾನವೇ ತಿರುಗಿ ನೋಡಿತು. ಬಿಸಿಲಿನಲ್ಲಿ ಸಾಲಾಗಿ ಕೂರಿಸಿದ್ದ ಮಕ್ಕಳು, ಬಾಂಬ್ ಸ್ಕ್ವಾಡಿನವರು, ಅವರ ನಾಯಿ ಕೂಡ!

ರಿಝ್ವಾನಾ ಮಾತ್ರ ತಲೆ ಎತ್ತಲಿಲ್ಲ. ಪೊಲೀಸರಿಗೆ ಫೋನ್ ಮಾಡಿದವಳು ಅವಳೇ.

2017ರ ಫೆಬ್ರವರಿ. ಪ್ಲಸ್ ಟು ಮಕ್ಕಳಿಗೆ ಪರೀಕ್ಷೆಗೆ ಮೊದಲಿನ ಕೊನೆಯ ತರಗತಿ. ಟೀಚರುಗಳನ್ನು ಒಮ್ಮೆ ಹೆದರಿಸಿ ನಗಬೇಕೆಂದು ಅನ್ನಪೂರ್ಣೇಶ್ವರಿ ಎಂಬ ಹುಡುಗಿ ಮನೆಯಿಂದ ಆ ಪೈಪನ್ನು ತಂದು ಸ್ಟಾಫ್ ರೂಮಿನ ಕಪಾಟಿನ ಹಿಂದೆ ಇಟ್ಟಿದ್ದಳು. ಶಾಲೆ ಇರುವ ಈ ಮುಳ್ಳೇರಿಯದ ಗುಡ್ಡದ ಕಡೆ ತೋಟ ಇದ್ದವರ ಮನೆಯಲ್ಲಿ ಅಂಥದ್ದೊಂದು ಇದ್ದೇ ಇರುತ್ತದೆ. ಪಿವಿಸಿ ಪೈಪು, ಅದರ ಹಿಂದೆ ಗ್ಯಾಸ್ ಲೈಟರು. ಒಳಗೆ ಚೂರು ಕಾರ್ಬೈಡ್, ನೀರು ಹಾಕಿ ಲೈಟರು ಒತ್ತಿದರೆ ದೊಡ್ಡ ಶಬ್ದ, ಮಂಗಗಳು ಪರಾರಿ, ಅಷ್ಟೇ. ಆದರೆ ಗೆಸ್ಟ್ ಟೀಚರಾಗಿ ಬಂದಿದ್ದ ರಿಝ್ವಾನಾ ಉಪ್ಪಳದವಳು. ಕಡಲ ತೀರದ ಹುಡುಗಿಗೆ ಮಂಗನ ಕಾಟ ಎಲ್ಲಿಂದ ಗೊತ್ತಿರಬೇಕು?

"ನಿನ್ನ ಹೆಸರೆಂತ?" ಎಸ್.ಐ. ಕೇಳಿದರು.

"ಮಿದ್ಲಾಜ್. ಇಲ್ಲೇ ಪೇಟೆಯಲ್ಲಿ ಪಂಪ್ ರಿಪೇರಿ ಅಂಗಡಿ ಉಂಟು."

ಹೆಸರು ಕೇಳಿದ ಕೂಡಲೇ ಎಸ್.ಐ. ಅವನನ್ನು ಇನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಅಷ್ಟು ಸಾಚಾ ಆದರೆ ಇದರಲ್ಲಿ ನಿನ್ನ ಹೆಸರು ಯಾಕೆ ಇಲ್ಲ?"

"ಇತ್ತು ಸಾರ್! ಎಲ್ಲಾ ಪೈಪಿಗೂ ಹೆಸರು, ಫೋನ್ ನಂಬರಿನ ಕಾಗದ ಅಂಟಿಸ್ತೇನೆ. ಸಿಡಿಯದ ಹಾಗೆ ಅಂತ ನೀವು ಅದರ ಮೇಲೆ ಜೋರಾಗಿ ನೀರು ಬಿಟ್ಟಿರಲ್ಲ, ಅದರಲ್ಲಿ ಹೋಯಿತು."

"ಹೌದು ಸಾರ್, ಕಾಗದ ಇತ್ತು!" ಅನ್ನಪೂರ್ಣೇಶ್ವರಿ ಅಳುತ್ತಲೇ ಕೂಗಿದಳು.

"ನೀನು ಸುಮ್ಮನೆ ಕೂತ್ಕೋ. ಮಾಡಿದ್ದು ಸಾಲದಾ?" ಎಸ್.ಐ. ಗದರಿದರು.

ಮಿದ್ಲಾಜ್ ಸುತ್ತ ನೋಡಿ ರಿಝ್ವಾನಾಳ ಕಡೆ ತಿರುಗಿದ. "ಟೀಚರ್, ಮೊದಲು ನೋಡಿದ್ದು ನೀವಂತೆ. ಕಾಗದ ಇತ್ತಲ್ಲ? ಹೇಳಿ ಟೀಚರ್..."

ಅವಳು ಈಗ ತಲೆ ಎತ್ತಲೇಬೇಕಾಯಿತು. ಎಷ್ಟು ನಂಬಿಕೆಯ ಕಣ್ಣುಗಳು!

"ಇಲ್ಲ... ನಾನು ನೋಡಲಿಲ್ಲ."

ಸುಳ್ಳು. ಅವಳು ನೋಡಿದ್ದಳು. ನೋಡಿದ್ದು ಮಾತ್ರವಲ್ಲ, ಓದಿದ್ದಳು. 'ಮಿದ್ಲಾಜ್' ಎಂಬ ಅಕ್ಷರಗಳನ್ನು ಓದಿ ಮುಂದಿನದನ್ನು ಓದುವಷ್ಟು ಧೈರ್ಯವೇ ಉಳಿದಿರಲಿಲ್ಲ.

'ಯಾ ಅಲ್ಲಾಹ್, ನಮ್ಮವನ ಹೆಸರು! ನಾನು ಸುಮ್ಮನಿದ್ದು ನಾಳೆ ಎಂತಾದರೂ ಆದರೆ? ರಿಝ್ವಾನಾ ಟೀಚರಿಗೆ ಮೊದಲೇ ಗೊತ್ತಿತ್ತು ಅಂತ ಹೇಳುವುದಿಲ್ಲವಾ?'

ಹೀಗೆ ಯೋಚಿಸಿ, ಪ್ರಿನ್ಸಿಪಾಲರನ್ನೂ ಕೇಳದೆ ಫೋನ್ ಮಾಡಿದ್ದಳು. ಈಗ ನೋಡಿದೆ ಅಂದರೆ, ಆ ಹೆಸರು ನೋಡಿ ಯಾಕೆ ಹೆದರಿದಿರಿ ಎಂದು ಕೇಳುತ್ತಾರೆ.

ಮಿದ್ಲಾಜನನ್ನು ಜೀಪಿಗೆ ಹತ್ತಿಸಿದರು. ಅನ್ನಪೂರ್ಣೇಶ್ವರಿಯ ಅಪ್ಪನನ್ನು ಕರೆಸಿ, ಅವಳಿಗೆ ಬುದ್ಧಿ ಹೇಳಿ ಬಿಟ್ಟರು. ಮಿದ್ಲಾಜನಿಗೆ ಮಾತ್ರ ಅಂಗಡಿಗೆ ಬೀಗ, ಪ್ರತಿ ಸೋಮವಾರ ಠಾಣೆಗೆ ಹೋಗಿ ಸಹಿ ಹಾಕುವ ಶಿಕ್ಷೆ!

ಮುಂದಿನ ಸೋಮವಾರ ಬಸ್ಸಿನಲ್ಲಿ ಅವನನ್ನು ಕಂಡು ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಬೈಯುತ್ತಾನೆ ಎಂದುಕೊಂಡಳು.

"ಟೀಚರ್, ನನ್ನ ಮೇಲೆ ಕೋಪ ಉಂಟಾ?" ಅವನೇ ಕೇಳಿದ. "ನನ್ನ ಪೈಪಿನಿಂದಾಗಿ ನೀವು ಎಷ್ಟು ಹೆದರಿದಿರೋ ಎಂತದೋ... ತಪ್ಪಾಯ್ತು."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕ್ಷಮೆ ಕೇಳುತ್ತಿರುವುದು ಯಾರು, ಯಾರಲ್ಲಿ!

"ಆದರೂ ನೀವೇ ಹೇಳಿ, ಬಾಂಬಿಗೆ ಯಾರಾದರೂ ಫೋನ್ ನಂಬರ್ ಅಂಟಿಸ್ತಾರಾ?" ಎಂದು ನಕ್ಕ. ಅವಳಿಗೆ ನಗಲಾಗಲಿಲ್ಲ.

ಆಮೇಲಿನ ಸೋಮವಾರಗಳಲ್ಲೂ ಅದೇ ಬಸ್ಸು. ಅಂಗಡಿ ಮುಚ್ಚಿದ್ದರಿಂದ ಅವನು ಸ್ಪ್ಯಾನರುಗಳ ಚೀಲ ಹೊತ್ತು ಮನೆಮನೆಗೆ ಹೋಗುತ್ತಿದ್ದ. ಕೆಲವರು ಈಗ ಗೇಟನ್ನೇ ತೆಗೆಯುವುದಿಲ್ಲವಂತೆ. ಅದನ್ನೂ ನಗುತ್ತಲೇ ಹೇಳುತ್ತಿದ್ದ. ಮರೆತೂ ಅವಳ ಮನಸ್ಸಿಗೆ ನೋವಾಗುವ ಒಂದು ಮಾತು ಆಡಲಿಲ್ಲ.

ಭಾನುವಾರ ರಾತ್ರಿ ಬಂದರೆ ಸಾಕು, ಅವಳು ಬೆಳಗಾಗುವುದನ್ನೇ ಕಾಯತೊಡಗಿದ್ದಳು. ಪ್ರೀತಿ ಎಂದರೆ ಇದೇ ಎಂದು ತಿಳಿಯದಷ್ಟು ಚಿಕ್ಕವಳಲ್ಲ. ಆದರೆ ಸಹಿ ಹಾಕಲು ಹೋಗುವವನನ್ನು ನೋಡುವ ಆಸೆಯಿಂದ ಸೋಮವಾರವನ್ನು ಕಾಯುವುದೆಂದರೆ... ಛೀ! ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಕೊನೆಗೊಂದು ಸೋಮವಾರ ಅವಳು ಶಾಲೆಯ ಸ್ಟಾಪಿನಲ್ಲಿ ಇಳಿಯಲಿಲ್ಲ.

"ನಿಮ್ಮ ಸ್ಟಾಪ್ ಹೋಯಿತಲ್ಲ ಟೀಚರ್!"

"ನನಗೂ ಠಾಣೆಗೆ ಹೋಗಲಿಕ್ಕುಂಟು."

ಅವಳು ನೇರವಾಗಿ ಎಸ್.ಐ. ಮುಂದೆ ಹೋಗಿ ನಿಂತಳು. "ಸಾರ್, ಪೈಪಿನ ಮೇಲೆ ಕಾಗದ ಇತ್ತು. ಇವರ ಹೆಸರು ಓದಿಯೇ ನಾನು ಫೋನ್ ಮಾಡಿದ್ದು. ಬೇರೆ ಯಾವ ಕಾರಣವೂ ಇರಲಿಲ್ಲ. ಆ ದಿನ ಸುಳ್ಳು ಹೇಳಿದೆ."

ಮಿದ್ಲಾಜ್ ಅವಳನ್ನೇ ನೋಡಿದ. ಅವನ ಮುಖದ ನಗು ಆರಿಹೋಯಿತು.

"ಇದನ್ನು ಬರೆದರೆ ನಿಮಗೇ ತೊಂದರೆ ಟೀಚರೇ," ಎಸ್.ಐ. ಪೆನ್ನು ಹಿಡಿದು ಹೇಳಿದರು. "ಶಾಲೆಗೂ ಹೋಗ್ತದೆ ರಿಪೋರ್ಟು. ಮುಂದಿನ ವರ್ಷ ನಿಮ್ಮನ್ನು ತಗೊಳ್ಳಲಿಕ್ಕಿಲ್ಲ."

"ತಗೊಳ್ಳದಿದ್ದರೂ ಅಡ್ಡಿ ಇಲ್ಲ ಸಾರ್. ಬರೆಯಿರಿ."

ಎಸ್.ಐ. ಬರೆದರು. ಮೇಜಿನ ಡ್ರಾಯರಿನಿಂದ ಅಂಗಡಿಯ ಬೀಗದ ಕೈ ತೆಗೆದು ಅವನ ಮುಂದಿಟ್ಟು, ಇನ್ನು ಬರುವುದು ಬೇಡ ಎಂದಷ್ಟೇ ಹೇಳಿದರು. ಒಂದು ಕ್ಷಮೆಯ ಮಾತು ಅವರ ಬಾಯಿಂದ ಬರಲಿಲ್ಲ.

ಹೊರಗೆ ಮಿದ್ಲಾಜ್ ತಿರುಗಿಯೂ ನೋಡದೆ ನಡೆಯುತ್ತಲೇ ಹೋದ. ಅವಳು ಹಿಂದೆಯೇ ಓಡಿದಳು.

"ಬೈಯಿರಿ ನನಗೆ! ಸುಮ್ಮನೆ ಹೋಗಬೇಡಿ... ನಿಮ್ಮನ್ನು ಇಷ್ಟಪಡ್ತೇನೆ ಅಂತ ಹೇಳಲಿಕ್ಕೂ ನನಗೆ ಮುಖ ಇಲ್ಲ!"

ಅವನು ನಿಂತ. ತಿರುಗಿದಾಗ ಅವನ ಕಣ್ಣು ಒದ್ದೆಯಾಗಿತ್ತು.

"ಬೈಯಲಿಕ್ಕೆ ನನಗೂ ಮುಖ ಇಲ್ಲ ಟೀಚರ್. ಅವತ್ತು ಠಾಣೆಯಲ್ಲಿ, ಇಂಥ ಪೈಪು ಇನ್ಯಾರು ಮಾಡ್ತಾರೆ ಅಂತ ಕೇಳಿದರು. ನನ್ನ ಇಬ್ಬರು ದೋಸ್ತಿಗಳು ಮಾಡ್ತಾರೆ, ಹರಿನಾಥ ಮತ್ತು ಶಿಹಾಬ್. ನಾನು ಶಿಹಾಬನ ಹೆಸರು ಹೇಳಿದೆ."

"ಯಾಕೆ?"

"ಹರಿನಾಥ ಅಂದರೆ ಅವರು ನಂಬುವುದಿಲ್ಲ ಅಂತ ಅನಿಸಿತು. ಶಿಹಾಬ್ ಅಂದರೆ ಬೇಗ ನಂಬ್ತಾರೆ, ನನ್ನನ್ನು ಬಿಡ್ತಾರೆ ಅಂತ... ಅವನನ್ನೂ ಎರಡು ದಿನ ಕೂರಿಸಿದರು. ಯಾರು ಹೇಳಿದ್ದೆಂದು ಅವನಿಗೆ ಇನ್ನೂ ಗೊತ್ತಿಲ್ಲ. ದಿನಾ ನನಗೇ ಸಮಾಧಾನ ಹೇಳ್ತಾನೆ, ಪಾಪ!"

ರಿಝ್ವಾನಾ ಮೆಲ್ಲನೆ ಕೇಳಿದಳು.

"ಶಿಹಾಬನ ಮನೆ ಎಲ್ಲಿ?"

"ಇಲ್ಲೇ ಹತ್ತಿರ. ಎಷ್ಟು ಸಲ ಹೊರಟೆನೋ... ಗೇಟಿನ ತನಕ ಹೋಗಿ ವಾಪಸ್ ಬಂದಿದ್ದೇನೆ."

"ಬನ್ನಿ. ನಾನೂ ಬರ್ತೇನೆ."

"ನೀವು ಯಾರು ಅಂತ ಕೇಳಿದರೆ ಎಂತ ಹೇಳಲಿ?"

"ನಿಮ್ಮನ್ನು ಹಿಡಿದು ಕೊಟ್ಟವಳು ಅಂತ ಹೇಳಿ."

"ಅದು ಹೇಳ್ತೇನೆ," ಅವನು ಕಣ್ಣೊರೆಸಿಕೊಂಡ. "ಸೋಮವಾರದ ಬಸ್ಸಿಗೆ ನಾನೂ ಕಾಯ್ತಿದ್ದೆ ಟೀಚರ್. ಹಾಗಾಗಿ, ನಾನು ಮದುವೆಯಾಗುವವಳು ಅಂತಲೂ ಹೇಳಬಹುದಾ?"

ಅವಳ ಮುಖ ಕೆಂಪಾಯಿತು. "ಮೊದಲು ಅವನ ಹತ್ತಿರ ತಪ್ಪು ಒಪ್ಪಿಕೊಳ್ಳುವ," ಎಂದಳು. "ಆಮೇಲೂ ಅವನು ನಮಗೆ ಕೂರಲು ಹೇಳಿದರೆ... ಆಗ ಹೇಳಿ."