ಬೊಂಬಾಯಿಗೆ ಹೋದ ಗಡಿಯಾರ

ಆ ವರ್ಷ ತೊಲ ಬಂಗಾರ ನೂರು ರೂಪಾಯಿಯ ಆಸುಪಾಸಿನಲ್ಲಿತ್ತು. ಉಳುಮೆಯ ಒಳ್ಳೆಯ ಎತ್ತಿನ ಜೋಡಿಗೆ ಐನೂರು. ಹರಿಹರದ ಕಾಳಿನ ವ್ಯಾಪಾರಿ ಶಿವಯೋಗಪ್ಪನವರ ಸ್ವಿಸ್ ಕೈಗಡಿಯಾರಕ್ಕೆ ಆರುನೂರೈವತ್ತು! ಎರಡು ವರ್ಷದ ಗ್ಯಾರಂಟಿ ಚೀಟಿ ಮಾತ್ರ ಬಿಟ್ಟಿ.

ರಿಪೇರಿಗೆ ಹೋಗಿದ್ದ ಆ ಗಡಿಯಾರ ಏಳು ತಿಂಗಳ ಮೇಲೆ ತಗಡಿನ ಡಬ್ಬಿಯಲ್ಲಿ ಮರಳಿ ಬಂದಿತ್ತು. ಶಿವಯೋಗಪ್ಪನವರು ಕಿವಿಗೆ ಹಿಡಿದರು. ಸದ್ದಿಲ್ಲ. ಕೀಲಿ ಕೊಡಲು ನೋಡಿದರು— ತಿರುಗಲಿಲ್ಲ.

"ಅಲ್ಲಾಬಕ್ಷ್, ಬಾ ಇಲ್ಲಿ. ಇದನ್ನ ಬಿಚ್ಚು."

ಅವರ ಅಂಗಡಿಯ ಜಗುಲಿಯ ಮೇಲೆ ಹನ್ನೊಂದು ವರ್ಷದಿಂದ ಮೇಜು ಹಾಕಿಕೊಂಡು ವಾಚು ರಿಪೇರಿ ಮಾಡುತ್ತಿದ್ದ ಅಲ್ಲಾಬಕ್ಷ್ ಮುಚ್ಚಳ ತೆಗೆದ. ಒಳಗೆಲ್ಲ ತುಕ್ಕು.

"ಸಾಹುಕಾರ್ರೆ, ಇದು ನಿಮ್ಮ ವಾಚಿನ ಯಂತ್ರ ಅಲ್ರಿ. ಯಾವುದೋ ನೀರು ಕುಡಿದ ವಾಚಿಂದು."

ಡಬ್ಬಿ ತಂದಿದ್ದ ಕರಿಬಸವರಾಜ ನಕ್ಕ. ದಾವಣಗೆರೆಯಲ್ಲಿ ಆ ಗಡಿಯಾರದ ಕಂಪನಿಯ ಏಜೆಂಟ್ ಅವನೇ. "ಡಬ್ಬಿ ಜೊತೆ ಬಂದ ಈ ಕಾಗದದಾಗೆ ಕಂಪನಿಯವರೂ ಅದನ್ನೇ ಬರೆದಾರೆ. ಹೊರಗಿನವರು ಬಿಚ್ಚಿ ಯಂತ್ರ ಬದಲಿಸಿದಾರೆ, ಗ್ಯಾರಂಟಿ ನಡೆಯಲ್ಲ ಅಂತ. ನನ್ನ ಹತ್ರ ಬರೋಕೆ ಮುಂಚೆ ಇದು ಯಾರ ಮೇಜಿನ ಮೇಲಿತ್ತು?"

ಜಗುಲಿಯ ಮುಂದೆ ನಿಂತಿದ್ದ ಗಿರಾಕಿಗಳೆಲ್ಲ ಅಲ್ಲಾಬಕ್ಷನತ್ತ ತಿರುಗಿದರು. ಮೇಜಿನ ಮೇಲಿದ್ದದ್ದು ನಿಜ. ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತದೆ ಎಂದು ಶಿವಯೋಗಪ್ಪನವರು ಅದನ್ನು ಅವನ ಮುಂದಿಟ್ಟು ಊಟಕ್ಕೆ ಹೋಗಿದ್ದರು. ಬಂದಾಗ ಅವನು, "ಗ್ಯಾರಂಟಿ ಐತೆ, ನಾನು ಮುಚ್ಚಳ ಮುಟ್ಟಲ್ಲ. ಏಜೆಂಟರಿಗೆ ಕೊಡ್ರಿ," ಎಂದಿದ್ದ. ಮುಟ್ಟಿರಲಿಲ್ಲ. ಆದರೆ ಕಂಡವರು ಯಾರು?

ಗಡಿಯಾರ ಕರಿಬಸವರಾಜನ ಕೈಸೇರಿದ ಮೇಲೆ ಶಿವಯೋಗಪ್ಪನವರು ದಾವಣಗೆರೆಗೆ ಹೋದಾಗಲೆಲ್ಲ ಅವನದು ಒಂದೇ ಮಾತು— "ಬೊಂಬಾಯಿಗೆ ಹೋಗೈತೆ, ಮುಂದಿನ ವಾರ ಬರ್ತೈತೆ."

ಕರಿಬಸವರಾಜ ಅಲ್ಲಾಬಕ್ಷನತ್ತ ಇನ್ನೊಂದು ಕಾಗದ ಚಾಚಿದ. "ನಾನೇ ಬಿಚ್ಚಿದ್ದೆ ಅಂತ ರುಜು ಹಾಕಪ್ಪ. ಕಂಪನಿಗೆ ಕೈಮುಗಿದು ಅರ್ಧ ಖರ್ಚಿನಲ್ಲಿ ಮಾಡಿಸಿಕೊಡ್ತೀನಿ. ಪೊಲೀಸು ಗಿಲೀಸು ಬ್ಯಾಡ."

"ಹಾಕಲ್ಲ."

"ಹಾಕಲ್ವಾ? ಹಂಗಾದ್ರೆ ನಾಳೆಯಿಂದ ನನ್ನ ಜಗುಲಿ ಖಾಲಿ ಮಾಡು," ಎಂದರು ಶಿವಯೋಗಪ್ಪನವರು. "ಕಳ್ಳನಿಗೆ ನೆರಳು ಕೊಡೋನಲ್ಲ ನಾನು."

"ಖಾಲಿ ಮಾಡ್ತೀನ್ರಿ. ಬೇಕಾದ್ರೆ ಹೊಳೆ ದಂಡ್ಯಾಗೆ ಕೂತು ರಿಪೇರಿ ಮಾಡ್ತೀನಿ. ಮಾಡದ ತಪ್ಪಿಗೆ ರುಜು ಹಾಕೋ ಕೈ ಇದಲ್ಲ."

ಹಿತ್ತಲಿನಲ್ಲಿ ಹತ್ತಿ ಹಿಂಜುವ ಬಿಲ್ಲಿನ ಸದ್ದು ನಿಂತಿತು. ಗಾದಿ ಹೊಲಿಯಲು ಬಂದಿದ್ದ ಅಲ್ಲಾಬಕ್ಷನ ಅಕ್ಕ ಮೆಹರ್ ಬಾನು, ತಲೆಯ ಮೇಲಿನ ಹತ್ತಿಯ ಎಳೆ ಕೊಡವಿಕೊಳ್ಳುತ್ತಾ ಹೊರಗೆ ಬಂದಳು. ಗಂಡ ಸತ್ತ ಮೇಲೆ ಅವನ ಬಿಲ್ಲು ಹಿಡಿದು ಮೂರು ಮಕ್ಕಳನ್ನು ಸಾಕಿದ ಹೆಂಗಸು. ತಮ್ಮನ ಕಡೆ ನೋಡಲಿಲ್ಲ. ನೇರ ಡಬ್ಬಿಯ ಕಡೆ ನೋಡಿದಳು.

"ಏಜೆಂಟ್ರೆ, ಈ ಡಬ್ಬಿ ಬೊಂಬಾಯಿಂದ ಬಂದದ್ದಾ?"

"ನಿನ್ನೆ ಟಪಾಲಿನಲ್ಲಿ ಬಂತು. ಯಾಕೆ?"

"ಮೇಲಿನ ಬಟ್ಟೆ, ಅರಗಿನ ಮುದ್ರೆ?"

"ಬಿಸಾಕಿದೆ. ಹತ್ತಿ ಹಿಂಜೋಳಿಗೆ ವಾಚಿನ ಉಸಾಬರಿ ಯಾಕಮ್ಮ?"

"ವಾಚಿನ ಮಾತು ನನಗೆಲ್ಲಿ ತಿಳೀಬೇಕ್ರಿ. ನೀವು ಹೇಳಿದ್ರೆ ಕೇಳ್ತೀನಿ. ಡಬ್ಬಿ ಒಳಗಿಂದು?"

"ಬೊಂಬಾಯಿಯವರು ತುಂಬಿದ್ದು ತುಂಬಿದಂಗೇ ಐತೆ. ನಾನು ಮುಚ್ಚಳಾನೂ ತೆಗೆದಿಲ್ಲ."

"ನಿಮ್ಮ ಅಂಗಡಿಯಾಗೆ ಬೇರೆ ಯಾರಾದ್ರೂ ಕೈಯಾಡಿಸಿದ್ರೆ?" ಅವಳು ಅವನ ಹಿಂದೆ ನಿಂತಿದ್ದ ಗುಮಾಸ್ತ ಕಾಟಪ್ಪನತ್ತ ಗದ್ದ ತೋರಿದಳು. ಕಾಟಪ್ಪನ ಮುಖ ಬಿಳಿಚಿತು.

"ಇವನಾ? ರಿಪೇರಿ ವಾಚೆಲ್ಲ ಒಳಕೋಣೆಯಾಗಿರ್ತಾವೆ. ಅದರ ಕೀಲಿ ನನ್ನ ಉಡಿದಾರ ಬಿಟ್ಟು ಹೋಗಲ್ಲ. ನೊಣಾನೂ ಒಳಗೆ ಹೋಗಂಗಿಲ್ಲ, ತಿಳ್ಕೊ!"

"ತಿಳೀತು ಬಿಡ್ರಿ."

ಅವಳು ಡಬ್ಬಿಯೊಳಗೆ ಮೆತ್ತೆಯಾಗಿ ಹಾಸಿದ್ದ ಹತ್ತಿಯ ಉಂಡೆ ತೆಗೆದಳು. ಎಲ್ಲರೂ ಗಡಿಯಾರ ನೋಡಿದ್ದರು, ಕಾಗದ ನೋಡಿದ್ದರು. ಹತ್ತಿಯನ್ನು ಯಾರೂ ನೋಡಿರಲಿಲ್ಲ. ಅವಳು ಎರಡು ಬೆರಳಲ್ಲಿ ಅದನ್ನು ಬಿಡಿಸಿ, ಶಿವಯೋಗಪ್ಪನವರ ಅಂಗೈಗೆ ಏನನ್ನೋ ಉದುರಿಸಿದಳು.

"ಏನ್ರಿ ಸಾಹುಕಾರ್ರೆ ಇದು?"

"ಹತ್ತಿಕಾಳು," ಎಂದರು ಅವರು. "ಮೂರು ಅದಾವೆ."

"ಕಾಳಿನ ವ್ಯಾಪಾರಿ ನೀವು, ನೀವೇ ಹೇಳ್ರಿ. ದಾವಣಗೆರೆಯಿಂದ ಬೊಂಬಾಯಿಗೆ ಏನು ಹೋಗ್ತೈತೆ?"

"ಅರಳೆ. ಜಿನ್ನಿನಾಗೆ ಕಾಳು ಬಿಡಿಸಿ, ಒತ್ತಿ, ಅಂಡಿಗೆ ಕಟ್ಟಿ..."

"ಕಾಳು?"

"ಇಲ್ಲೇ ಉಳೀತೈತೆ. ಎಮ್ಮೆಗೆ ಹಾಕ್ತಾರೆ."

"ಹಂಗಾದ್ರೆ ಬೊಂಬಾಯಿ ಗಡಿಯಾರದ ಕಂಪನಿಯವರು ಹತ್ತಿ ಹೊಲ ಮಾಡ್ಯಾರಾ? ಇದು ಗಿಡದಿಂದ ಬಿಡಿಸಿದ ಹತ್ತಿ. ನೋಡ್ರಿ, ಒಣಗಿದ ಎಲೆ ಚೂರು ಇನ್ನೂ ಅಂಟಿಕೊಂಡೈತೆ. ಕಾಟಪ್ಪ, ನಿಮ್ಮ ಅಂಗಡಿಯಾಗೆ ಇಂಥ ಹತ್ತಿ ಎಲ್ಲೈತಪ್ಪ?"

ಕಾಟಪ್ಪ ಮಾಲೀಕನ ಮುಖ ನೋಡಿದ. ನೆಲ ನೋಡಿದ. ಆಮೇಲೆ ಅಂದ: "ಒಳಕೋಣೆಯಾಗೆ, ಅಕ್ಕ. ಇವರ ಕುಕ್ಕುವಾಡದ ಹೊಲದ ಹತ್ತಿ, ಎರಡು ಚೀಲ."

"ಬಾಯಿ ಮುಚ್ಚೋ!" ಎಂದ ಕರಿಬಸವರಾಜ.

"ಬೊಂಬಾಯಿ ಪಾರ್ಸಲ್ಲು ಟಪಾಲಿಗೆ ಹಾಕಿದ್ದು ಯಾರು? ನೀನಾ?"

"ಹಾಕಿದ್ದು ನಾನು ಕಂಡಿಲ್ಲಕ್ಕ. ಬಂದದ್ದೂ ಕಂಡಿಲ್ಲ."

ಮೆಹರ್ ಬಾನು ಹತ್ತಿಯನ್ನು ಡಬ್ಬಿಗೆ ಹಾಕಿ ಕೈ ಒರೆಸಿಕೊಂಡಳು. "ಸಾಹುಕಾರ್ರೆ, ಈ ಗಡಿಯಾರ ದಾವಣಗೆರೆ ದಾಟಿಲ್ಲ. ಡಬ್ಬಿ ತುಂಬಿದ್ದು ಒಳಕೋಣೆಯಾಗೆ. ಆ ಕೋಣೆಗೆ ಹೋಗೋರು ಒಬ್ಬರೇ ಅಂತ ಅವರೇ ಹೇಳ್ಯಾರೆ. ಕಂಪನಿ ಕಾಗದ ಅವರೇ ಹುಟ್ಟಿಸಿದ್ದು, ಯಂತ್ರ ಕದ್ದದ್ದೂ ಅವರೇ. ದಾವಣಗೆರೆಯವರಿಗೆ ಹತ್ತಿ ಕಣ್ಣಿಗೇ ಬೀಳಲ್ರಿ. ಬೀದಿ ತುಂಬ ಅದೇ ಹಾರಾಡ್ತೈತೆ. ಮೆತ್ತೆ ಬೇಕು ಅಂದ್ರೆ ಕೈ ತಾನೇ ಚೀಲಕ್ಕೆ ಹೋಗ್ತೈತೆ. ಬೊಂಬಾಯಿ ಡಬ್ಬಿ ಅಂತ ನೆನಪಿರಲ್ಲ."

"ಗಾದಿ ಹೊಲಿಯೋಳ ಮಾತು ಕಟ್ಟಿಕೊಂಡು..." ಎಂದು ಕರಿಬಸವರಾಜ ಎದ್ದ. ಶಿವಯೋಗಪ್ಪನವರು ಅವನ ಭುಜ ಒತ್ತಿ ಕೂರಿಸಿದರು.

"ಕೂಡ್ರಿ. ಪೊಲೀಸು ಬ್ಯಾಡ ಅಂದ್ರಲ್ಲ, ಈಗ ಬೇಕಾ?"

ಬೇಡವೆಂದ. ಬಾಯಿಬಿಟ್ಟ. ಗಿರಣಿಯ ಅಧಿಕಾರಿಯೊಬ್ಬರ ಅದೇ ಕಂಪನಿಯ ಗಡಿಯಾರ ಹೊಳೆಗೆ ಬಿದ್ದಿತ್ತು. ಹೊಸ ಯಂತ್ರ ತರಿಸಿದೆನೆಂದು ಅವರಿಂದ ಮುನ್ನೂರು ಎತ್ತಿ, ಶಿವಯೋಗಪ್ಪನವರ ಯಂತ್ರವನ್ನು ಅದಕ್ಕೆ ಕೂರಿಸಿ, ತುಕ್ಕಿನದನ್ನು ಇದಕ್ಕೆ ತುರುಕಿದ್ದ.

ಅಲ್ಲಾಬಕ್ಷ್ ಅಲ್ಲಿಯವರೆಗೂ ಕುಳಿತಿರಲಿಲ್ಲ. "ಸಾಹುಕಾರ್ರೆ, ಹತ್ತು ಜನರ ಮುಂದೆ ಕಳ್ಳ ಅಂದ್ರಿ. ಆ ಹತ್ತು ಜನ ಇನ್ನೂ ಇಲ್ಲೇ ಅದಾರೆ."

ಶಿವಯೋಗಪ್ಪನವರು ಶಲ್ಯ ಸರಿಮಾಡಿಕೊಂಡು ಎದ್ದು ನಿಂತರು. "ಅಲ್ಲಾಬಕ್ಷ್ ಕಳ್ಳ ಅಲ್ಲ. ತಪ್ಪು ನಂದು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ಜಗುಲಿ ನಿಂದೇ ಕಣಪ್ಪ. ಇದ್ದುಬಿಡು."

"ಬ್ಯಾಡ್ರಿ. ಒಂದು ಕಾಗದಕ್ಕೆ ಹೋಗೋ ಜಗುಲಿ ನನಗೆ ಬ್ಯಾಡ."

ಅಕ್ಕ, ತಮ್ಮ ಇಬ್ಬರೂ ಮೇಜಿನ ಎರಡು ತುದಿ ಹಿಡಿದು ರಸ್ತೆ ದಾಟಿಸಿದರು. ಹತ್ತು ದಿನದಲ್ಲಿ ಶಿವಯೋಗಪ್ಪನವರಿಗೆ ತಮ್ಮ ಯಂತ್ರ ಸಿಕ್ಕಿತು. ಕರಿಬಸವರಾಜನ ಏಜೆನ್ಸಿ ಹೋಯಿತು. ಹನ್ನೊಂದು ವರ್ಷದ ನೆರಳು ಬಿಟ್ಟು ಅಲ್ಲಾಬಕ್ಷ್ ಆ ಬೇಸಿಗೆಯೆಲ್ಲ ಬಿಸಿಲಲ್ಲಿ ಕುಳಿತ; ಗಿರಾಕಿಗಳಲ್ಲಿ ಒಬ್ಬರೂ ಕಡಿಮೆಯಾಗಲಿಲ್ಲ.