ಹಸಿರಾಗದ ಟ್ಯೂಬ್

"ಮೇಡಂ, ನಾನು ಮೋಸಗಾತಿ ಅಂತ ನಾಳೆ ತೀರ್ಮಾನ ಮಾಡಿ ಹೊರಗೆ ಹಾಕ್ತಾರೆ," ಎನ್ನುತ್ತ ಆ ಹುಡುಗಿ ನಮ್ಮ ನಡುಮನೆಯ ಕುರ್ಚಿಯಲ್ಲಿ ಕುಸಿದಳು.

ಅತ್ತಿಗೆ ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಊರವರ ಒಗಟು ಬಿಡಿಸುವುದೇ ಅವರ ಕಸುಬಾಗಿತ್ತು. ಈ ಹುಡುಗಿಯೂ ಅವರ ಹಳೆಯ ಶಿಷ್ಯೆ, ಈಗ ಊರಿನ ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ನಾನು ಅವರ ಮೈದುನ, ದರ್ಜಿ. ಅವರ ಹಿಂದೆ ಸುತ್ತಿ, ನಡೆದದ್ದನ್ನು ಬರೆದಿಡುತ್ತೇನೆ. ಅರ್ಥವಾಗುವುದು ಮಾತ್ರ ಕೊನೆಗೇ. ಈ ಸಲ ಕೊನೆಗೂ ಪೂರ್ತಿ ಆಗಲಿಲ್ಲ ಅನ್ನಿ.

"ಮೊದಲಿಂದ ಹೇಳು. ಇವನಿಗೂ ತಿಳಿಯೋ ಹಾಗೆ ಹೇಳು," ಎಂದು ಅತ್ತಿಗೆ ನನ್ನತ್ತ ಬೊಟ್ಟು ಮಾಡಿದರು.

ಹುಡುಗಿ ಮೂಗು ಒರೆಸಿಕೊಂಡು ಶುರುಮಾಡಿದಳು. ಜೀವಕೋಶ ತನ್ನ ಕೆಲಸಕ್ಕೆ ಆರ್‌ಎನ್‌ಎ ಎಂಬ ಸಂದೇಶದ ಎಳೆ ತೆಗೆಯುತ್ತದಂತೆ. ಆ ಎಳೆಯ ತಲೆಗೆ ಕೂಡಲೇ ಒಂದು ಟೋಪಿ ಬೀಳಬೇಕು, ಇಲ್ಲದಿದ್ದರೆ ಎಳೆ ಚೂರುಚೂರಾಗಿ ಕೋಶವೇ ಸಾಯುತ್ತದೆ. ಟೋಪಿ ಇಡುವುದಕ್ಕೆ ಮೂರು ಹಂತ. ಮೊದಲು ಒಂದು ಕಿಣ್ವ ಎಳೆಯ ತುದಿಯಿಂದ ಒಂದು ಫಾಸ್ಫೇಟನ್ನು ಕತ್ತರಿಸುತ್ತದೆ. ಎರಡನೆಯದು ಟೋಪಿ ಕೂರಿಸುತ್ತದೆ. ಮೂರನೆಯದು ಟೋಪಿಗೆ ಮೀಥೈಲ್ ಅನ್ನುವ ಇನ್ನೊಂದು ಚೂರು ಅಂಟಿಸಿ ಭದ್ರ ಮಾಡುತ್ತದೆ.

"ಅಯ್ಯೋ, ಟೋಪಿಗೆ ಇಷ್ಟೊಂದಾ?" ಎಂದೆ. ನಾನಾದರೆ ಒಂದೇ ಸಲಕ್ಕೆ ಹೊಲಿದು ಕೊಡುತ್ತಿದ್ದೆ.

"ಆ ಮೊದಲನೇ ಕತ್ತರಿ ಇದೆಯಲ್ಲ ಅಂಕಲ್, ಅದು ಯೀಸ್ಟ್‌ನಲ್ಲಿ, ರೋಗ ತರೋ ಎಷ್ಟೋ ಶಿಲೀಂಧ್ರಗಳಲ್ಲಿ ಸುರಂಗದ ಥರ ಇರುತ್ತೆ. ಒಳಗೆ ಮೆಗ್ನೀಷಿಯಂ ಥರದ ಲೋಹ ಇದ್ರೇನೇ ಕೆಲಸ ಮಾಡೋದು. ಮನುಷ್ಯರ ಕತ್ತರಿಯ ಜಾತಿಯೇ ಬೇರೆ, ಅದಕ್ಕೆ ಲೋಹ ಬೇಡ. ಹಾಗಾಗಿ ಯೀಸ್ಟ್ ಕತ್ತರಿಯನ್ನ ಮಾತ್ರ ನಿಲ್ಲಿಸೋ ಔಷಧಿ ಸಿಕ್ಕಿದ್ರೆ, ಶಿಲೀಂಧ್ರ ಸಾಯುತ್ತೆ, ರೋಗಿ ಉಳೀತಾನೆ. ನನಗೆ ಸಿಕ್ಕಿತ್ತು."

ಸಂಸ್ಥೆಯ ಪರಿಶೀಲನಾ ಸಮಿತಿಯ ಎದುರು ಅದನ್ನು ತೋರಿಸುವಾಗ ಎಡವಟ್ಟಾಗಿತ್ತು. ಫಾಸ್ಫೇಟ್ ಕತ್ತರಿಸಿ ಬಿದ್ದರೆ ಟ್ಯೂಬಿನ ಬಣ್ಣದ ನೀರು ಹಸಿರಾಗುತ್ತದೆ, ಇಲ್ಲವಾದರೆ ಹಳದಿಯಾಗಿಯೇ ಉಳಿಯುತ್ತದೆ. ಮನುಷ್ಯರ ಕಿಣ್ವದ ಟ್ಯೂಬುಗಳು ಔಷಧಿ ಇದ್ದರೂ ಇಲ್ಲದಿದ್ದರೂ ಹಸಿರಾದವು. ಔಷಧಿ ಬೆರೆಸಿದ ಯೀಸ್ಟ್ ಟ್ಯೂಬ್ ಹಳದಿಯಾಗಿಯೇ ಉಳಿಯಿತು. ಅಲ್ಲಿಯವರೆಗೆ ಸರಿ. ಆದರೆ ಔಷಧಿಯ ಹನಿಯೂ ಸೇರದ ಯೀಸ್ಟ್ ಟ್ಯೂಬೂ ಹಳದಿಯೇ!

"ಸತ್ತ ಕಿಣ್ವ ಇಟ್ಕೊಂಡು ಇಷ್ಟು ದಿನ ಔಷಧಿ ಹೆಸರು ಹೇಳಿದೀಯ ಅಂದ್ರು. ಮೊದಲು ಹಾಗಂದಿದ್ದೇ ನಮ್ಮ ಸರ್, ನನ್ನ ಮಾರ್ಗದರ್ಶಕರು," ಎಂದು ಅವಳು ಅತ್ತೇಬಿಟ್ಟಳು.

ಮರುದಿನ ಬೆಳಗ್ಗೆ ಪ್ರಯೋಗಾಲಯಕ್ಕೆ ಹೋದೆವು. ಹುಡುಗಿಯ ಪಕ್ಕದ ಮೇಜಿನಲ್ಲಿ ಗುಂಗುರುಕೂದಲಿನ ಒಬ್ಬ ಸಂಶೋಧಕ ಕೂತಿದ್ದ. ಅವನೂ ಯೀಸ್ಟಿಗೆ ಇನ್ನೊಂದು ಔಷಧಿ ಹುಡುಕುತ್ತಿದ್ದನಂತೆ. ಪ್ರದರ್ಶನದ ಹಿಂದಿನ ದಿನ ಹುಡುಗಿ ಊಟಕ್ಕೆ ಹೋಗಿದ್ದಾಗ ಕೋಣೆಯಲ್ಲಿದ್ದವರು ಇವನು ಮತ್ತು ಅವಳ ಮಾರ್ಗದರ್ಶಕ ಮೇಷ್ಟ್ರು, ಇಬ್ಬರೇ. ಸರಿ, ಕಳ್ಳ ಸಿಕ್ಕ ಎಂದುಕೊಂಡೆ. ಆರ್‌ಎನ್‌ಎ, ಮೆಗ್ನೀಷಿಯಂ ಎಲ್ಲ ಬೆರೆಸಿ ಹುಡುಗಿ ಪ್ರದರ್ಶನಕ್ಕೆ ಮಾಡಿಟ್ಟಿದ್ದ, ಆಮೇಲೆ ಸಮಿತಿಯವರು ಸೀಲು ಮಾಡಿದ್ದ ದ್ರಾವಣದ ಬಾಟಲಿಯ ಕಡೆ ಕೈ ಚಾಚಿದೆನೋ ಇಲ್ಲವೋ, ಮೇಷ್ಟ್ರು ಹಾರಿಬಿದ್ದರು.

"ಮುಟ್ಟಬೇಡ್ರೀ! ಬೆರಳು ತಾಗಿದ್ರೆ ಸಾಕು, ಆರ್‌ಎನ್‌ಎ ಪುಡಿಪುಡಿ. ನಾನು ಮನುಷ್ಯರ ಕಿಣ್ವದ ಮೇಲೆ ಕೆಲಸ ಮಾಡೋವಾಗ ಇಡಿಟಿಎ ಹಾಕದೆ ಒಂದು ಬಾಟಲಿಯನ್ನೂ ಬಿಡ್ತಿರಲಿಲ್ಲ. ಈಗಿನವರಿಗೆ ಎಚ್ಚರವೇ ಇಲ್ಲ!"

"ಅದೇನತ್ತಿಗೆ ಇಡಿಟಿಎ?" ಎಂದು ಪಿಸುಗುಟ್ಟಿದೆ.

"ಲೋಹ ಹಿಡಿದಿಡೋ ರಾಸಾಯನಿಕ ಕಣೋ. ಕೆಲವು ಲೋಹ ಸೇರಿದ್ರೂ ಆರ್‌ಎನ್‌ಎ ಬೇಗ ಮುರಿಯುತ್ತೆ," ಎಂದ ಅತ್ತಿಗೆ ಮೇಷ್ಟ್ರ ಕಡೆ ತಿರುಗಿದರು. "ಬಾಟಲಿಯಲ್ಲೇ ದೋಷ ಇರಬಹುದಲ್ವಾ?"

"ಹೇಗಿರುತ್ತೆ? ಎಲ್ಲಾ ಟ್ಯೂಬಿಗೂ ಅದರಿಂದಲೇ ಹಾಕಿದ್ದು. ಮನುಷ್ಯರ ಕಿಣ್ವ ಚೆನ್ನಾಗೇ ಕೆಲಸ ಮಾಡ್ತಲ್ಲ!"

ಮಾತು ಸರಿಯಾಗಿಯೇ ಇತ್ತು. ನನ್ನ ತಲೆ ಗಿರ್ರೆಂದಿತು.

ಮಧ್ಯಾಹ್ನ ಸಮಿತಿ ಸೇರಿತು. ಅಧ್ಯಕ್ಷತೆ ಸಂಸ್ಥೆಯ ನಿರ್ದೇಶಕಿಯದು. ಅತ್ತಿಗೆಯ ಕೋರಿಕೆಯಂತೆ ಅದೇ ಬಾಟಲಿ, ಅದೇ ಯೀಸ್ಟ್ ಕಿಣ್ವ ತಂದು ಹುಡುಗಿಯ ಕೈಯಲ್ಲಿ ಹೊಸದಾಗಿ ನಾಲ್ಕು ಟ್ಯೂಬ್ ಮಾಡಿಸಿದರು. ಮೊದಲನೆಯದಕ್ಕೆ ಬೇರೇನೂ ಸೇರಿಸಲಿಲ್ಲ. ಎರಡನೆಯದಕ್ಕೆ ಒಂದೇ ಹನಿ ಮೆಗ್ನೀಷಿಯಂ. ಮೂರನೆಯದಕ್ಕೆ ಧಾರಾಳವಾಗಿ. ನಾಲ್ಕನೆಯದಕ್ಕೂ ಧಾರಾಳವಾಗಿ, ಜೊತೆಗೆ ಔಷಧಿ. ಕಾದು, ಬಣ್ಣದ ನೀರು ಹಾಕಿದಳು.

ಹಳದಿ. ಹಳದಿ. ಹಸಿರು. ಹಳದಿ!

"ಕಿಣ್ವ ಸತ್ತಿಲ್ಲ," ಎಂದರು ಅತ್ತಿಗೆ. "ಲೋಹಕ್ಕೆ ಹಸಿದಿತ್ತು, ಅಷ್ಟೇ. ಮನುಷ್ಯರದ್ದಕ್ಕೆ ಆ ಹಸಿವೇ ಇಲ್ಲ, ಅದಕ್ಕೇ ಅದೇ ಬಾಟಲಿಯಲ್ಲಿ ಅದು ಕೆಲಸ ಮಾಡ್ತು. ಇವಳು ಮೆಗ್ನೀಷಿಯಂ ಹಾಕೋದು ಮರೆತಿದ್ರೆ ಎರಡನೇ ಟ್ಯೂಬಿನ ಒಂದು ಹನಿಗೇ ಹಸಿರಾಗಬೇಕಿತ್ತು. ಆಗಲಿಲ್ಲ. ಅಂದ್ರೆ ಬಾಟಲಿಯೊಳಗೆ ಏನೋ ಕೂತು, ಬಂದ ಲೋಹವನ್ನೆಲ್ಲ ಹಿಡಿದಿಟ್ಕೊಳ್ತಿದೆ. ಅದು ಇಡಿಟಿಎ. ಇನ್ನು ನಾಲ್ಕನೇದು ನೋಡಿ. ಲೋಹ ಬೇಕಾದಷ್ಟಿದ್ರೂ ಹಳದಿ. ಇವಳ ಔಷಧಿ ನಿಜವಾಗಿಯೂ ಕೆಲಸ ಮಾಡುತ್ತೆ."

"ಇಡಿಟಿಎ ಹಾಕಿದ್ದು ಈ ಗುಂಗುರುಕೂದಲು ತಾನೇ?" ಎಂದು ನಾನು ಎದ್ದೇ ನಿಂತೆ. ಪಾಪ, ಹುಡುಗ ಬಿಳಿಚಿಕೊಂಡ.

"ಕೂತ್ಕೊಳೋ. ಕೆಡಿಸೋದೇ ಆಗಿದ್ರೆ ಅವನು ಔಷಧಿ ಬದಲು ನೀರು ಇಡ್ತಿದ್ದ. ಯೀಸ್ಟ್ ಟ್ಯೂಬ್ ಎರಡೂ ಹಸಿರಾಗಿ ಇವಳ ಕತೆ ಅಲ್ಲಿಗೇ ಮುಗೀತಿತ್ತು. ಇದು ಕೆಡಿಸೋ ಕೈ ಅಲ್ಲ, ಕಾಪಾಡೋ ಕೈ. ಆರ್‌ಎನ್‌ಎ ಮುರಿಯದಿರಲಿ ಅಂತ ಹಾಕಿದ್ದು. ಮನುಷ್ಯರ ಕಿಣ್ವದ ಜೊತೆ ಪಳಗಿದ ಕೈ."

ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಅವರು ಹಸಿರು ಟ್ಯೂಬಿನಿಂದ ಕಣ್ಣು ಕೀಳಲಿಲ್ಲ.

"ಅವತ್ತು ಅವಳು ಗಾಬರಿಯಲ್ಲಿದ್ಲು," ಎಂದರು ಮೆಲ್ಲಗೆ. "ಏನೂ ಕೆಡದಿರಲಿ ಅಂತ... ಹಾಕಿದೀನಿ, ಹೌದು. ಅಡುಗೆಗೆ ಉಪ್ಪು ಹಾಕಿದ ಹಾಗೆ, ಹಾಕಿದ್ದೂ ನೆನಪಿರಲಿಲ್ಲ. ಯೀಸ್ಟಿಗೆ ಲೋಹ ಬೇಕು ಅಂತ ತಲೆಗೆ ಗೊತ್ತು, ಕೈಗೆ ಗೊತ್ತಾಗಲಿಲ್ಲ. ತಪ್ಪು ನನ್ನದು. ಅವಳದೇನೂ ಇಲ್ಲ."

ನಿರ್ದೇಶಕಿ ಆರೋಪವನ್ನು ಅಲ್ಲೇ ಕೈಬಿಟ್ಟರು. ನಾನು ಚಪ್ಪಾಳೆಗೆ ಕೈ ಎತ್ತಿದೆ. ಹುಡುಗಿಯ ಮುಖ ನೋಡಿ ಕೈ ಅಲ್ಲೇ ನಿಂತಿತು. ಗೆದ್ದವಳು ಯಾಕೆ ಅಳುತ್ತಿದ್ದಾಳೆಂದು ತಿಳಿಯಲಿಲ್ಲ.

"ಸರ್, ಇಡಿಟಿಎ ಹಾಕಿದ್ದಕ್ಕೆ ನನಗೆ ಬೇಜಾರಿಲ್ಲ," ಎಂದಳು. "ಇಷ್ಟು ವರ್ಷ ನಿಮ್ಮ ಕೈಕೆಳಗೆ ದುಡಿದೆ. ಹಳದಿ ಕಂಡ ತಕ್ಷಣ ಮೋಸ ಅಂದ್ರಿ. ಏನಾಯ್ತಮ್ಮಾ ಅಂತ ಒಂದೇ ಒಂದು ಸಲ ಕೇಳಲಿಲ್ಲ." ಆಮೇಲೆ ನಿರ್ದೇಶಕಿಯ ಕಡೆ ತಿರುಗಿ, "ಮೇಡಂ, ನನಗೆ ಬೇರೆ ಮಾರ್ಗದರ್ಶಕರನ್ನ ಕೊಡಿ," ಎಂದಳು.

ನಿರ್ದೇಶಕಿ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಹಸಿರು ಟ್ಯೂಬನ್ನು ಹುಡುಗಿಯ ಮುಂದೆ ಸರಿಸಿದರು.

"ಕೊಡಿ," ಎಂದರು ಕೊನೆಗೆ. "ಒಳ್ಳೆಯವರನ್ನ ಕೊಡಿ."