ಲೇಬಲ್ ಬಿದ್ದುಹೋದ ಬಾಟಲಿ

ಹೊಸ ಲೇಬಲ್ಲಿಗೆ ಗೋಂದು ಹಚ್ಚಿಕೊಂಡು ಬೀರು ತೆರೆದರೆ, ಅಂಟಿಸಲು ಬಾಟಲಿಯೇ ಇರಲಿಲ್ಲ.

ವಿಜ್ಞಾನದ ಮಿಸ್ ಖಾನೆಗಳನ್ನೆಲ್ಲ ತಡಕಿದಳು. ಬೀಗ ಒಡೆದಿರಲಿಲ್ಲ, ಬಾಗಿಲು ಮೀಟಿರಲಿಲ್ಲ. ಕೆಳಗಿನ ಖಾನೆಯ ಧೂಳಿನಲ್ಲಿ ಒಂದು ದುಂಡನೆಯ ಗುರುತು ಮಾತ್ರ ಉಳಿದಿತ್ತು. ಅಲ್ಲಿದ್ದದ್ದು ಸಲ್ಫ್ಯೂರಿಕ್ ಆಸಿಡ್—ನೀರು ಬೆರೆಸದ್ದು. ನೋಡಲು ಥೇಟ್ ನೀರು. ಹಳೆಯ ಲೇಬಲ್ ಮೊನ್ನೆಯೇ ಉದುರಿಹೋಗಿತ್ತು.

ಕೆಳಗೆ ಅಂಗಳದಲ್ಲಿ ಆ ಸರ್ಕಾರಿ ಶಾಲೆಯ ಐನೂರು ಗಂಡುಹುಡುಗರು. ಒಬ್ಬೊಬ್ಬನ ಕೈಯಲ್ಲೂ ಒಂದೊಂದು ನೀರಿನ ಬಾಟಲಿ. ಬೆಳಿಗ್ಗೆಯೇ ಸುಡುಬಿಸಿಲು. ಬಾಯಾರಿದ ಹುಡುಗ ಯಾರ ಬಾಟಲಿ ಎಂದು ಕೇಳಿ ಕುಡಿಯುವವನಲ್ಲ.

ಮೆಟ್ಟಿಲು ಇಳಿದು ಓಡಿದಳು. ಕೊನೆಯ ಮೆಟ್ಟಿಲ ಬಳಿ, ಬೆಂಕಿ ಆರಿಸಲು ಇಟ್ಟ ಕೆಂಪು ಬಕೆಟ್ಟಿನ ಮರಳು ಚೆಲ್ಲಿತ್ತು. ಕಾಲು ಜಾರಿ ಬೀಳುವುದರಲ್ಲಿದ್ದಳು. ಅಲ್ಲೇ ಗೋಡೆಗೆ ಒತ್ತಿಕೊಂಡು ನಿಂತಿದ್ದವನು ಅವಳ ಮಗನೇ, ಏಳನೆಯ ತರಗತಿಯವನು.

"ಈ ಸೆಕೇಲಿ ಸೊಂಟಕ್ಕೆ ಸ್ವೆಟರ್ ಯಾಕೋ? ಬಿಚ್ಚಿ ಬ್ಯಾಗಲ್ಲಿಡು."

"ಇರಲಿ ಮಿಸ್."

ಗೇಟಿನೊಳಗೆ ಕಾಲಿಟ್ಟ ಮೇಲೆ, ಕೊನೆಯ ಬೆಲ್ ಹೊಡೆಯುವ ತನಕ, ಅಮ್ಮ ಅನ್ನಬಾರದು, ಮಿಸ್ ಅನ್ನಬೇಕು—ಅವಳೇ ಹಾಕಿದ ಕಟ್ಟಳೆ. ಬೇರೆ ಹುಡುಗರು ಆಡಿಕೊಳ್ಳಬಾರದಲ್ಲ. ಅದನ್ನು ಪಾಲಿಸುವುದರಲ್ಲಿ ಮಗ ಅವಳಿಗಿಂತ ಒಂದು ಕೈ ಮೇಲು.

ಹೆಡ್‌ಮಾಸ್ಟರ್ ಕೇಳಿದವರೇ ಕುರ್ಚಿಯಲ್ಲಿ ಕುಸಿದರು. "ನಾಳೆ ತಪಾಸಣೆ ಇಟ್ಕೊಂಡು ಇದೇನ್ರೀ ಹೇಳ್ತಿದ್ದೀರಿ?" ಆಮೇಲೆ ಸಾವರಿಸಿಕೊಂಡು ಮೈಕ್ ಹಿಡಿದರು. ಯಾರೂ ಒಂದು ಗುಟುಕು ನೀರನ್ನೂ ಕುಡಿಯಬಾರದು, ಬಾಟಲಿಗಳನ್ನೆಲ್ಲ ನೆಲದ ಮೇಲೆ ಇಡಬೇಕು. "ಕದ್ದವರು ಬಂದು ಒಪ್ಪಿಕೊಂಡರೆ ಶಿಕ್ಷೆ ಇಲ್ಲ. ಎಂದಿನಂತೆ ಹಸಿರು ಬ್ಯಾಡ್ಜ್ ಸಿಗುತ್ತದೆ."

ತಪ್ಪೊಪ್ಪಿಕೊಂಡವನಿಗೆ ಹಸಿರು ಬ್ಯಾಡ್ಜ್—ಅದು ಹೆಡ್‌ಮಾಸ್ಟರರ ಹೆಮ್ಮೆ. ಬ್ಯಾಡ್ಜ್ ಸಿಗುವುದಾದರೆ ಮಾಡದ ತಪ್ಪನ್ನೂ ಒಪ್ಪಿಕೊಳ್ಳಬಹುದು ಎಂಬುದನ್ನು ಹುಡುಗರು ಎಂದೋ ಕಂಡುಕೊಂಡಿದ್ದರು. ಹಾಗಾಗಿ ಸ್ವಲ್ಪ ಹೊತ್ತಿನಲ್ಲೇ ಆಫೀಸಿನ ಮುಂದೆ ಮೂವರು ಕಳ್ಳರು ಸಾಲಾಗಿ ನಿಂತರು.

ವಿಚಾರಣೆಗೆ ಕೂತವರು ಸೀಟಿ ಮೇಷ್ಟ್ರು. ಆಟ ಆಡಿಸುವ ಮನುಷ್ಯ. ಬೇರೆ ಯಾರೂ ಬೇಡವೆಂದ ನೀತಿಪಾಠವೂ ಅವರ ಕೊರಳಿಗೇ ಬಿದ್ದಿತ್ತು, ಸೀಟಿಯ ಜೊತೆಗೆ.

"ನಾನೇ ಕದ್ದೆ, ಸಾರ್," ಎಂದ ಮೊದಲನೆಯವನು.

"ಎತ್ತಿದಾಗ ಹೇಗಿತ್ತು?"

"ಹಗುರ ಇತ್ತು ಸಾರ್. ನೀರಿನ ಬಾಟಲಿ ಥರಾನೇ."

ಮಿಸ್ ತಲೆಯಲ್ಲಾಡಿಸಿದಳು. ಅದು ನೀರಿನ ಹೆಚ್ಚುಕಡಿಮೆ ಎರಡರಷ್ಟು ಭಾರ.

"ನೀನು ಏನು ಮಾಡ್ದೆ?"

"ಮೈದಾನದಲ್ಲಿ ಚೆಲ್ಬಿಟ್ಟೆ ಸಾರ್," ಎಂದ ಎರಡನೆಯವನು.

"ಹುಲ್ಲು ಏನಾಯ್ತು?"

"ಒದ್ದೆ ಆಯ್ತು ಸಾರ್."

ಮೂರನೆಯವನು ಬೀಗವನ್ನು ಕಲ್ಲಿನಿಂದ ಒಡೆದಿದ್ದನಂತೆ. ಆ ಬೀಗ ಗಟ್ಟಿಮುಟ್ಟಾಗಿ ಮಿಸ್ ಕೈಯಲ್ಲೇ ಇತ್ತು.

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಈಗ ಯಾವುದೋ ತರಗತಿಯಲ್ಲಿ ಒಬ್ಬ ಹುಡುಗ ಕೆಮ್ಮಿದರೂ ಅವಳು ಎದ್ದು ಬಾಗಿಲಿಗೆ ಓಡುತ್ತಿದ್ದಳು. ಅವನು ಕುಡಿದನೇ? ಇವನು ಕುಡಿದನೇ?

ಸೀಟಿ ಮೇಷ್ಟ್ರು ಮೂವರನ್ನೂ ಕಳಿಸಿದರು.

"ಮಿಸ್, ನಾವು ಕೇಳ್ತಿರೋ ಪ್ರಶ್ನೇನೇ ತಪ್ಪು. ಕದ್ದೋರು ಯಾರು ಅಂತ ಕೇಳ್ತಿದ್ದೀವಿ. ತಾನು ಕದ್ದಿಲ್ಲ ಅಂದ್ಕೊಂಡೋನು ಯಾಕೆ ಬರ್ತಾನೆ? ಬೀಗದ ಕೈ ಎಲ್ಲಿರುತ್ತೆ?"

"ನನ್ನ ಬ್ಯಾಗಲ್ಲಿ."

"ಲೇಬಲ್ ಬಿದ್ದಿದ್ದು ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ. ನಿನ್ನೆ ಮನೇಲಿ, ಫೋನಲ್ಲಿ ನಮ್ಮಕ್ಕನ ಹತ್ರ ಹೇಳ್ಕೊಂಡೆ ಅಷ್ಟೆ. ತಪಾಸಣೆಯೋರ ಕಣ್ಣಿಗೆ ಬಿದ್ರೆ ನನ್ನ ಕೆಲಸ ಹೋದ ಹಾಗೇ ಅಂತ."

"ಇವತ್ತು ನೀವು ಹಾಜರಿ ಹಾಕೋವಾಗ ಬ್ಯಾಗ್ ಯಾರ ಕೈಲಿತ್ತು?"

ಅವಳ ಕಣ್ಣು ಏಳನೆಯ ತರಗತಿಯ ಕಡೆಗೆ ಹೊರಳಿತು.

"ಆಸಿಡ್ ಚೆಲ್ಲಿದ್ರೆ ಏನು ಮಾಡ್ಬೇಕು ಅಂತ ಏಳನೇ ಕ್ಲಾಸಿಗೆ ಹೇಳ್ಕೊಟ್ಟಿದ್ದೀರಾ?"

"ಮರಳು ಹಾಕ್ಬೇಕು ಅಂತ."

ಮೇಷ್ಟ್ರು ಮೆಟ್ಟಿಲ ಬಳಿಗೆ ಹೋಗಿ, ಕೆಂಪು ಬಕೆಟ್ಟಿನ ಮರಳನ್ನು ಕಸದ ಮೊರದಿಂದ ಮೆಲ್ಲಗೆ ಸರಿಸಿದರು. ಬಾಟಲಿಯ ಕೊರಳು ಕಂಡಿತು. ಮುಚ್ಚಳ ಓರೆಯಾಗಿ ಕೂತಿತ್ತು.

"ಕದ್ದಿದ್ದಲ್ಲ ಮಿಸ್, ನಿಮಗೋಸ್ಕರ ಬಚ್ಚಿಟ್ಟಿದ್ದು. ನಿಮ್ಮ ಮಗ. ಆದ್ರೆ ಮುಚ್ಚಳ ಸಡಿಲ ಇದೆ ನೋಡಿ. ತರೋವಾಗ ಚೆಲ್ಲಿದೆ, ಅದಕ್ಕೇ ಮರಳು ನೆನಪಾಗಿದೆ." ಅವರ ದನಿ ತಗ್ಗಿತು. "ಐನೂರು ಜನದಲ್ಲಿ ಇವತ್ತು ಸ್ವೆಟರ್ ಸೊಂಟಕ್ಕೆ ಕಟ್ಕೊಂಡಿರೋನು ಅವನೊಬ್ನೇ. ಸಾಲಲ್ಲಿ ನಾನೂ ನೋಡ್ದೆ. ಸ್ಟೈಲು ಅಂದ್ಕೊಂಡೆ. ಆಸಿಡ್ ಬಿದ್ರೆ ಬಟ್ಟೆ ತೂತಾಗುತ್ತೆ, ಅಲ್ವಾ?"

"ಬಟ್ಟೆ ಮಾತ್ರ ಅಲ್ಲ," ಎನ್ನುವಷ್ಟರಲ್ಲಿ ಅವಳು ಓಡುತ್ತಿದ್ದಳು.

ಏಳನೆಯ ತರಗತಿಯಲ್ಲಿ ಎಲ್ಲರೂ ಕೂತಿದ್ದರು. ಹಿಂದಿನ ಬೆಂಚಿನ ಬಳಿ ಅವನೊಬ್ಬ ನಿಂತಿದ್ದ. ತುಟಿ ಬಿಳಿಚಿತ್ತು. ಹಲಗೆಯ ಮೇಲೆ ಸೀಟಿ ಮೇಷ್ಟ್ರ ದುಂಡು ಅಕ್ಷರ—'ಈ ವಾರದ ಗುಣ: ಸಹನೆ'. ಹಿಂದೆಯೇ ಬಂದ ಮೇಷ್ಟ್ರು ಅದನ್ನೊಮ್ಮೆ ನೋಡಿ, ಅಂಗೈಯಿಂದ ಒರೆಸಿಹಾಕಿದರು. ಆಮೇಲೆ ಡಾಕ್ಟರಿಗೆ ಫೋನ್ ಮಾಡಲು ಹೋದರು.

ಅವಳು ಮಗನನ್ನು ಎತ್ತಿಕೊಂಡೇ ಅಂಗಳದ ನಲ್ಲಿಗೆ ಬಂದಳು. ಸ್ವೆಟರ್ ಕಿತ್ತೆಸೆದಳು. ತೊಡೆಯ ಮೇಲೆ ಪ್ಯಾಂಟು ಜರಡಿಯಾಗಿತ್ತು. ಅದರಡಿಯ ಚರ್ಮವನ್ನು ನೋಡಲಾಗದೆ, ನಲ್ಲಿಯನ್ನು ಪೂರಾ ತಿರುಗಿಸಿ ನೀರಿಗೆ ಹಿಡಿದಳು. ಹಿಡಿದೇ ಇದ್ದಳು. ಹುಡುಗ ಅವಳ ಹೆಗಲನ್ನು ಬಿಗಿಯಾಗಿ ಅವುಚಿಕೊಂಡ. ಹೊಸ ಲೇಬಲ್ ಇನ್ನೂ ಅವಳ ಅಂಗೈಗೆ ಅಂಟಿಕೊಂಡೇ ಇತ್ತು.

"ತುಂಬಾ ಉರೀತಿತ್ತೇನೋ?"

"ಹೂಂ, ಮಿಸ್."

"ಮತ್ತೆ ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು."

ಅವಳಿಗೆ ಅಳು ತಡೆಯಲಾಗಲಿಲ್ಲ. "ಹೋದ್ರೆ ಹೋಗ್ಲಿ ಬಿಡು. ಅಮ್ಮ ಅನ್ನೋ, ಪುಟ್ಟಾ."

ಹುಡುಗ ಕಣ್ಣೀರು ತುಂಬಿಕೊಂಡು ಸುತ್ತ ನೋಡಿದ. ಪ್ರತಿ ಕಿಟಕಿಯಲ್ಲೂ ಮುಖಗಳು.

"ಇನ್ನೂ ಬೆಲ್ ಹೊಡೆದಿಲ್ಲ, ಮಿಸ್," ಎಂದ.